ಮಳೆಗಾಲದಲ್ಲಿ ಫೈಬರ್ ಬೋಟಿನ ಬಲ್ಕ್‌ಹೆಡ್ ಬದಲಿಸುವವರಿಗೆ

ಕರ್ನಾಟಕ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಮಲ್ಪೆಯಲ್ಲಾಗಲಿ ಮಂಗಳೂರಿನ ದಕ್ಕೆಯಲ್ಲಾಗಲಿ, ಬೋಟಿನ ಹೊಟ್ಟೆಯೊಳಗೆ ನಿಧಾನವಾಗಿ ಕೈ ಹಾಕಲು ಸಿಗುವುದು ಈ ಎರಡು ತಿಂಗಳು ಮಾತ್ರ. ರೆಸಿನ್ (ಫೈಬರನ್ನು ಗಟ್ಟಿ ಮಾಡುವ ಅಂಟುದ್ರವ) ಕೆಲಸಕ್ಕೆ ವರ್ಷದಲ್ಲೇ ಅತಿ ಕೆಟ್ಟ ತಿಂಗಳುಗಳೂ ಇವೇ. ಬಲ್ಕ್‌ಹೆಡ್ (ಬೋಟಿನೊಳಗಿನ ಅಡ್ಡಗೋಡೆ) ಬದಲಿಸಿದ ಎರಡೇ ವರ್ಷಕ್ಕೆ ಮ್ಯಾಟ್ (ರೆಸಿನ್ ಕುಡಿಸಿ ಅಂಟಿಸುವ ಗಾಜಿನೆಳೆಯ ಹಾಳೆ) ಎದ್ದು ಬಂತು, ಪ್ಲೈ ಮತ್ತೆ ಕೊಳೆಯಿತು ಎಂಬ ದೂರಿನ ಬೇರು ಸಾಮಾನ್ಯವಾಗಿ ಇಲ್ಲೇ ಇರುತ್ತದೆ. ಹಲಗೆ ಒಳ್ಳೆಯದನ್ನೇ ಹಾಕಿರುತ್ತಾರೆ. ಅದನ್ನು ಬೋಟಿನ ಮೈಗೆ ಸೇರಿಸುವ ಅಂಚಿನ ಕೆಲಸ ಮಾತ್ರ ತೇವದಲ್ಲಿ, ಅವಸರದಲ್ಲಿ ಆಗಿರುತ್ತದೆ.

ಈ ಬರಹ 25ರಿಂದ 40 ಅಡಿ ಉದ್ದದ, ಒಳಗೆ ಪ್ಲೈವುಡ್ ಬಲ್ಕ್‌ಹೆಡ್ ಇರುವ ಹಳೆಯ ಫೈಬರ್ ಬೋಟುಗಳ ಬಗ್ಗೆ. ಹೇಳಿದ್ದರಲ್ಲಿ ಮುಕ್ಕಾಲು ಪಾಲು ಹಾಯಿದೋಣಿಗೂ ಸಲ್ಲುತ್ತದೆ. ಮಾಸ್ಟ್ (ಹಾಯಿಯ ಕಂಬ) ಮತ್ತು ಚೈನ್‌ಪ್ಲೇಟಿನ (ಅದರ ತಂತಿಗಳನ್ನು ಬೋಟಿಗೆ ಕಟ್ಟುವ ಲೋಹದ ಪಟ್ಟಿ) ಸಂಗತಿ ಮುಂದೆ ಬೇರೆಯಾಗಿ ಉಂಟು. ಸ್ಟೀಲ್ ಬೋಟಿನವರಿಗೆ ಇದರಲ್ಲಿ ಏನೂ ಇಲ್ಲ.

ಬಲ್ಕ್‌ಹೆಡ್ ಎಂದರೆ ಮೀನು ತುಂಬಿಡುವ ಹೋಲ್ಡನ್ನೂ ಇಂಜಿನ್ ರೂಮನ್ನೂ ಬೇರೆ ಮಾಡುವ ಗೋಡೆ ಎಂದಷ್ಟೇ ತಿಳಿದವರು ಅದನ್ನು ಬಡಗಿ ಕೆಲಸದ ಲೆಕ್ಕಕ್ಕೆ ಸೇರಿಸುತ್ತಾರೆ. ಫೈಬರ್ ಮೈ ತೆಳುವಾದದ್ದು, ಬಾಗುವಂಥದ್ದು. ಅಳಿವೆ ಬಾಗಿಲು ದಾಟುವಾಗ ಅಲೆ ಬದಿಗೆ ಬಡಿದರೆ ಬೋಟು ಅಗಲಕ್ಕೆ ಹಿಗ್ಗದಂತೆ, ಉದ್ದಕ್ಕೆ ತಿರುಚದಂತೆ ಹಿಡಿಯುವುದು ಈ ಅಡ್ಡಗೋಡೆಗಳೇ. ಇಂಜಿನ್ ಬೆಡ್ಡಿನ ತುದಿಗಳು ಅವಕ್ಕೆ ಕಟ್ಟಿಕೊಂಡಿರುತ್ತವೆ. ಎಲ್ಲಕ್ಕಿಂತ ಮುಂದಿನ ಬಲ್ಕ್‌ಹೆಡ್ಡು ಮೂತಿ ಒಡೆದರೆ ನೀರನ್ನು ಅಲ್ಲೇ ತಡೆಯಬೇಕು. ಹಾಗಾಗಿ ವೀಲ್‌ಹೌಸಿನ ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ, ಶಾಫ್ಟ್ ಅಲೈನ್‌ಮೆಂಟ್ ಪದೇ ಪದೇ ತಪ್ಪಿದರೆ, ಡೆಕ್ಕಿನ ಮೂಲೆಯಲ್ಲಿ ಜೆಲ್‌ಕೋಟ್ (ಫೈಬರಿನ ಹೊಳಪಿನ ಹೊರಪದರ) ಕೂದಲೆಳೆಯಂತೆ ಸೀಳಿದರೆ ಮೊದಲು ಬಗ್ಗಿ ನೋಡಬೇಕಾದ್ದು ಬಲ್ಕ್‌ಹೆಡ್ಡಿನ ಬುಡವನ್ನು.

ಪ್ಲೈ ಕೊಳೆಯುವುದು ಎಲ್ಲಿಂದ

ಉಪ್ಪುನೀರಿಗಿಂತ ಸಿಹಿನೀರು ಮರಕ್ಕೆ ಹೆಚ್ಚು ಕೆಡುಕು. ಕೊಳೆಸುವ ಶಿಲೀಂಧ್ರಕ್ಕೆ ಮರದ ತೇವ ಸುಮಾರು ಶೇ. 20 ದಾಟಿದರೆ ಸಾಕು. ಉಪ್ಪು ಅದನ್ನು ಸ್ವಲ್ಪ ಹಿಡಿದಿಡುತ್ತದೆ, ಮಳೆನೀರು ಮತ್ತು ಐಸ್ ಕರಗಿದ ನೀರು ಹಿಡಿದಿಡುವುದಿಲ್ಲ. ಮೀನಿನ ಹೋಲ್ಡಿನ ಬಲ್ಕ್‌ಹೆಡ್ ಉಳಿದವುಗಳಿಗಿಂತ ಬೇಗ ಹೋಗುವುದಕ್ಕೆ ಇದೇ ಕಾರಣ. ಐಸ್ ತೆಗೆಯುವ ಸಲಿಕೆ ಹೋಲ್ಡಿನ ಫೈಬರ್ ಹೊದಿಕೆಗೆ ತಗುಲಿ ಸಣ್ಣ ಸೀಳು ಬೀಳುತ್ತದೆ, ನೀರು ಹಿಂದಿನ ಪಿಯುಎಫ್ ಫೋಮಿಗೆ (ಹೋಲ್ಡನ್ನು ತಣ್ಣಗಿಡುವ ಪಾಲಿಯುರಿಥೇನ್) ಇಳಿಯುತ್ತದೆ, ಫೋಮು ಅದನ್ನು ಹಿಡಿದಿಟ್ಟು ಪ್ಲೈಗೆ ವರ್ಷವಿಡೀ ಉಣಿಸುತ್ತದೆ. ಹೊರಗೆ ನೋಡಿದರೆ ಗೋಡೆ ಬೆಳ್ಳಗೆ ನುಣ್ಣಗೆ.

ಪ್ಲೈ ತನ್ನ ಮುಖದಿಂದ ನೀರು ಕುಡಿಯುವುದು ಬಹಳ ಕಡಿಮೆ. ಕುಡಿಯುವುದು ಕತ್ತರಿಸಿದ ಅಂಚಿನಿಂದ ಮತ್ತು ತೂತುಗಳಿಂದ. ಬೋಲ್ಟಿನ ತೂತು, ಡೀಸೆಲ್ ಪೈಪು ಹೋಗುವ ತೂತು, ಯಾರೋ ಎಲೆಕ್ಟ್ರಿಷಿಯನ್ ವೈರಿಗಾಗಿ ಕೊರೆದು ಹಾಗೇ ಬಿಟ್ಟ ತೂತು, ತಳದಲ್ಲಿ ಬಿಲ್ಜ್ ನೀರು (ಬೋಟಿನ ತಳಕ್ಕೆ ಇಳಿದು ಸೇರುವ ನೀರು) ಹರಿಯಲು ಬಿಟ್ಟ ಕಿಂಡಿ, ಈ ನಾಲ್ಕು ಜಾಗ ನೋಡಿದರೆ ರೋಗದ ಮೂಲ ಸಾಧಾರಣವಾಗಿ ಸಿಕ್ಕಿಬಿಡುತ್ತದೆ.

ಪರೀಕ್ಷೆಗೆ ದೊಡ್ಡ ಉಪಕರಣ ಬೇಡ. ಸಣ್ಣ ಸುತ್ತಿಗೆಯಿಂದ ತಳದಿಂದ ಮೇಲಕ್ಕೆ 10 ಸೆಂ.ಮೀ.ಗೊಮ್ಮೆ ತಟ್ಟುತ್ತಾ ಹೋಗಿ. ಗಟ್ಟಿ ಪ್ಲೈ ಟಣ್ ಎನ್ನುತ್ತದೆ, ಕೊಳೆತದ್ದು ಡಬ್ ಎನ್ನುತ್ತದೆ; ಸದ್ದು ಬದಲಾದಲ್ಲಿ ಸೀಮೆಸುಣ್ಣದ ಗೆರೆ ಹಾಕಿ. ಗೆರೆಯ ಎರಡೂ ಬದಿಗೆ 3 ಮಿ.ಮೀ. ಡ್ರಿಲ್ ಬಿಟ್ಟಿನಿಂದ ಪ್ಲೈಯ ಅರ್ಧ ದಪ್ಪದವರೆಗೆ ಕೊರೆದು ಬರುವ ಪುಡಿ ನೋಡಿ. ಒಣಗಿದ ತಿಳಿ ಬಣ್ಣದ ಸುರುಳಿ ಬಂದರೆ ಸರಿ. ಕಪ್ಪು ಹಿಟ್ಟಿನಂತೆ ಬಿಟ್ಟಿಗೆ ಅಂಟಿಕೊಂಡು ಬಂದರೆ ಆ ಜಾಗ ಹೋದಂತೆಯೇ. ಮ್ಯಾಟ್ ಮತ್ತು ಬೋಟಿನ ಮೈ ಸೇರುವಲ್ಲಿ ಅಗಲದ ಪುಟ್ಟಿ ಬ್ಲೇಡಿನ ತುದಿಯನ್ನು ಒತ್ತಿ ನೋಡಿ. ಒಳಗೆ ಜಾರಿದರೆ ಬಂಧ ಬಿಟ್ಟಿದೆ.

ತಳದ ಒಂದು ಗೇಣು ಮಾತ್ರ ಹೋಗಿದ್ದರೆ ಅಷ್ಟನ್ನೇ ಬದಲಿಸಬಹುದು. ಆದರೆ ಕೊಳೆತ ಗೆರೆಗಿಂತ ಕನಿಷ್ಠ 15 ಸೆಂ.ಮೀ. ಮೇಲಕ್ಕೆ, ಗಟ್ಟಿ ಮರದಲ್ಲಿ ಕೊಯ್ಯಬೇಕು. ಹಳೆ ಪ್ಲೈಗೂ ಹೊಸ ಪ್ಲೈಗೂ ಇಳಿಜಾರು ಜೋಡಣೆ ಮಾಡಬೇಕು. ಇಳಿಜಾರಿನ ಉದ್ದ ದಪ್ಪದ 8 ಪಟ್ಟು, ಅಂದರೆ 12 ಮಿ.ಮೀ. ಪ್ಲೈಗೆ ಸುಮಾರು 96 ಮಿ.ಮೀ. ನಿಂತ ಗೋಡೆಯಲ್ಲಿ ಇದನ್ನು ನೀಟಾಗಿ ಕೆತ್ತಲು ಒಳ್ಳೆಯ ಆಚಾರಿಯೇ ಬೇಕು. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋಗಿದ್ದರೆ ತೇಪೆಯ ಯೋಚನೆ ಬಿಡಿ, ಇಡೀ ಹಲಗೆ ತೆಗೆಯುವುದೇ ಸುಲಭ, ಖರ್ಚಿನಲ್ಲೂ ಹೆಚ್ಚು ವ್ಯತ್ಯಾಸವಾಗುವುದಿಲ್ಲ.

ಕೀಳುವ ಮೊದಲು

ಬೋಟನ್ನು ದಡಕ್ಕೆ ಎಳೆದು ಕೀಲಿನ (ತಳದ ಬೆನ್ನೆಲುಬಿನ) ಮೇಲೆ ಭಾರ ಕೂರುವಂತೆ ನಿಲ್ಲಿಸಿ. ಬದಿಯ ಊರೆಗಳು ಬೋಟು ವಾಲದಂತೆ ಹಿಡಿಯುವುದಕ್ಕೆ, ಭಾರ ಹೊರುವುದಕ್ಕಲ್ಲ. ಬಲ್ಕ್‌ಹೆಡ್ ಇರುವ ಜಾಗದಲ್ಲೇ ಊರೆ ಬಿಗಿಯಾಗಿ ಒತ್ತಿದ್ದರೆ, ಗೋಡೆ ತೆಗೆದ ತಕ್ಷಣ ಮೈ ಒಳಕ್ಕೆ ತಗ್ಗುತ್ತದೆ. ಹೊಸ ಗೋಡೆಯನ್ನು ಆ ತಗ್ಗಿದ ಆಕಾರಕ್ಕೇ ಕೂರಿಸಿದಂತಾಗುತ್ತದೆ.

ಒಂದು ಸಲಕ್ಕೆ ಒಂದೇ ಬಲ್ಕ್‌ಹೆಡ್. ಎರಡೂ ಹಾಳಾಗಿದ್ದರೆ ಒಂದನ್ನು ಪೂರ್ತಿ ಮುಗಿಸಿ ಗಟ್ಟಿಯಾದ ಮೇಲೆಯೇ ಇನ್ನೊಂದು. ತೆಗೆಯುವ ಮೊದಲು ಗೋಡೆಯ ಮುಂದೆ 30 ಸೆಂ.ಮೀ. ದೂರದಲ್ಲಿ ಒಂದು, ಹಿಂದೆ 30 ಸೆಂ.ಮೀ. ದೂರದಲ್ಲಿ ಒಂದು, ಹೀಗೆ 3×2 ಇಂಚಿನ ಮರದ ಅಡ್ಡಪಟ್ಟಿಗಳನ್ನು ಎರಡೂ ಬದಿಯ ಮೈಗೆ ತಾಗುವಂತೆ ಕೂರಿಸಿ, ತುದಿಗೆ ಪ್ಲೈ ತುಂಡು ಇಟ್ಟು ಬೆಣೆ ಹೊಡೆಯಿರಿ. ಬಿಗಿ ಸಾಕು, ಬದಿ ಹೊರಕ್ಕೆ ಹೋಗಬಾರದು. ಡೆಕ್ಕಿನ ಕೆಳಗೆ ಒಂದು ನಿಂತ ಕಂಬ. ಆಮೇಲೆ ಅಗಲ, ಎತ್ತರ, ಎರಡು ಓರೆ ಅಳತೆ (ಮೂಲೆಯಿಂದ ಎದುರು ಮೂಲೆಗೆ) ತೆಗೆದು ಬೋಟಿನ ಮೈ ಮೇಲೇ ಮಾರ್ಕರಿನಿಂದ ಬರೆದಿಡಿ. ಕಾಗದದಲ್ಲಿ ಬರೆದದ್ದು ಮಳೆಗೆ ಸಿಕ್ಕಿ ಹೋಗುತ್ತದೆ. ಹೊಸ ಗೋಡೆ ಕೂರಿಸುವ ದಿನ ಓರೆ ಅಳತೆಗಳು 3 ಮಿ.ಮೀ.ಗಿಂತ ಹೆಚ್ಚು ಬದಲಾಗಿದ್ದರೆ ಊರೆ, ಬೆಣೆ ಸರಿಮಾಡಿ ಹಳೆಯ ಅಳತೆಗೆ ತಂದ ಮೇಲೆಯೇ ಮುಂದಿನ ಮಾತು.

ಹಳೆಯ ಹಲಗೆಯನ್ನು ಹಾಗೇ ಅಚ್ಚಾಗಿ ಬಳಸುವ ಅಭ್ಯಾಸ ಉಂಟು. ಕೊಳೆತ ಅಂಚು ಪುಡಿಯಾಗಿ ಬರುವುದರಿಂದ ಆ ಅಳತೆ ನಂಬುವಂತಿಲ್ಲ. 4 ಮಿ.ಮೀ. ಪ್ಲೈಯ 5 ಸೆಂ.ಮೀ. ಅಗಲದ ಪಟ್ಟಿಗಳನ್ನು ಗೋಡೆಯ ಜಾಗದಲ್ಲಿ ನಿಲ್ಲಿಸಿ, ತುದಿಗಳು ಮೈಗೆ ತಾಗುವಂತೆ ಇಟ್ಟು, ಒಂದಕ್ಕೊಂದು ಗ್ಲೂ ಗನ್ನಿನಿಂದ ಅಂಟಿಸುತ್ತಾ ಬಂದರೆ ಜೇಡರ ಬಲೆಯಂಥ ಚೌಕಟ್ಟು ಸಿದ್ಧವಾಗುತ್ತದೆ. ಅದನ್ನು ಹೊರಗೆ ತಂದು ಹೊಸ ಪ್ಲೈ ಮೇಲೆ ಇಟ್ಟು ಗೆರೆ ಎಳೆದು, ಸುತ್ತಲೂ 8 ಮಿ.ಮೀ. ಒಳಕ್ಕೆ ಕತ್ತರಿಸಿ. ಆ 8 ಮಿ.ಮೀ. ಯಾಕೆ ಎಂಬುದು ಮುಂದೆ ಬರುತ್ತದೆ.

ಕೀಳುವಾಗ ಹಳೆ ಮ್ಯಾಟಿನ ಎಲ್ ಆಕಾರದ ಪಟ್ಟಿಯನ್ನು ಪ್ಲೈ ಬದಿಯಲ್ಲಿ, ಮೂಲೆಯಿಂದ 25 ಮಿ.ಮೀ. ದೂರದಲ್ಲಿ ಕೊಯ್ಯಿರಿ. 4 ಇಂಚಿನ ಗ್ರೈಂಡರಿನ ಕಟ್ಟಿಂಗ್ ಡಿಸ್ಕ್ ಬೋಟಿನ ಮೈ ಕಡೆಗೆ ತಿರುಗಿರಲೇಬಾರದು. ಒಂದು ಕ್ಷಣದ ಜಾರಿಕೆಗೆ ಮೈಯೇ ಸೀಳುತ್ತದೆ. ಇಕ್ಕಟ್ಟಿನಲ್ಲಿ ಮಲ್ಟಿಟೂಲ್ ನಿಧಾನ, ಆದರೆ ನಿಶ್ಚಿಂತೆ. ಕೊಯ್ದ ಹಳೆ ಪಟ್ಟಿಯ ಒಂದು ತುಂಡನ್ನು ಎಸೆಯಬೇಡಿ. ಅದರ ದಪ್ಪವನ್ನು ಕ್ಯಾಲಿಪರಿನಲ್ಲಿ ಅಳೆಯಿರಿ, ಪದರ ಎಣಿಸಿ. ಕಟ್ಟಿದವರು ಹಾಕಿದ್ದಕ್ಕಿಂತ ಕಡಿಮೆ ದಪ್ಪ ನಿಮ್ಮದಾಗಬಾರದು.

ಮೈ ಬದಿಗೆ ಗಟ್ಟಿಯಾಗಿ ಹಿಡಿದುಕೊಂಡಿರುವ ಹಳೆ ಮ್ಯಾಟನ್ನು ಪೂರ್ತಿ ತೆಗೆಯಬೇಕಾಗಿಲ್ಲ, ಇಳಿಜಾರಾಗಿ ಸವೆಸಿದರೆ ಸಾಕು. ಸವೆಸುವ ಕ್ರಮ ಮುಖ್ಯ. ಇಂಜಿನ್ ರೂಮಿನ ಬದಿಯಾದರೆ ಮೊದಲು ಸೋಪಿನ ನೀರಿನಿಂದ ಎಣ್ಣೆ ತೊಳೆದು, ಒಣಗಿಸಿ, ಅಸಿಟೋನಿನಲ್ಲಿ ಒರೆಸಿ, ಆಮೇಲೆ 36 ಅಥವಾ 40 ಗ್ರಿಟ್ ಡಿಸ್ಕ್. ಎಣ್ಣೆ ಇರುವಾಗಲೇ ಗ್ರೈಂಡರ್ ಹಿಡಿದರೆ ಡಿಸ್ಕ್ ಆ ಎಣ್ಣೆಯನ್ನೇ ಗೀರುಗಳೊಳಗೆ ಉಜ್ಜಿ ಕೂರಿಸುತ್ತದೆ. ಬಣ್ಣ, ಜೆಲ್‌ಕೋಟ್ ಎಲ್ಲ ಹೋಗಿ ಗಾಜಿನ ಎಳೆ ಕಾಣಬೇಕು, ಹೊಳಪು ಎಲ್ಲೂ ಉಳಿಯಬಾರದು. ಅಗಲ: ನಿಮ್ಮ ಅತಿ ದೊಡ್ಡ ಪಟ್ಟಿಯಲ್ಲಿ ಮೈ ಮೇಲೆ ಕೂರುವ ಭಾಗಕ್ಕಿಂತ 25 ಮಿ.ಮೀ. ಹೆಚ್ಚು. ಗಾಜಿನ ಪುಡಿಗೆ ಎನ್95 ಮಾಸ್ಕ್ ಸಾಕು. ರೆಸಿನ್ನಿನ ಸ್ಟೈರೀನ್ ಆವಿಗೆ ಅದು ಏನೂ ಮಾಡುವುದಿಲ್ಲ, ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಸ್ಟೈರೀನ್ ಗಾಳಿಗಿಂತ ಭಾರ, ಬಿಲ್ಜಿನಲ್ಲಿ ತುಂಬಿಕೊಳ್ಳುತ್ತದೆ. ಮೇಲಿಂದ ಫ್ಯಾನ್ ಬೀಸಿದರೆ ಪ್ರಯೋಜನವಿಲ್ಲ, ತಳಕ್ಕೆ ಪೈಪು ಇಳಿಸಿ ಹೊರಕ್ಕೆ ಎಳೆಯಬೇಕು.

ಪ್ಲೈ ಮತ್ತು ರೆಸಿನ್

ಪ್ಲೈ ಐಎಸ್ 710 (ಭಾರತೀಯ ಮಾನಕ) ಗುರುತಿನ ಮರೀನ್ ಗ್ರೇಡ್ ಆಗಿರಲಿ. ಐಎಸ್ 303 ಬಿಡಬ್ಲ್ಯುಆರ್ ಅಡುಗೆಮನೆಗೆ ಸಾಕು, ಬೋಟಿಗೆ ಬೇಡ. ಐಎಸ್ 710ರ ಅಂಟಿನ ಪರೀಕ್ಷೆಯೇ 72 ಗಂಟೆ ಕುದಿಸುವುದು. ಮನೆಯಲ್ಲಿ ಕೈಯಗಲದ ತುಂಡನ್ನು ಕೆಲವು ಗಂಟೆ ಕುದಿಸಿದರೂ ನಕಲಿ ಮಾಲು ಪದರ ಬಿಟ್ಟು ಗುಟ್ಟು ಬಿಡುತ್ತದೆ. ಅಂಚು ನೋಡಿ: ಒಳಪದರಗಳ ನಡುವೆ ಸಂದು, ಖಾಲಿ ಜಾಗ ಇದ್ದರೆ ಮುದ್ರೆ ಏನೇ ಇರಲಿ ವಾಪಸು ಕೊಡಿ. ತಂದ ಪ್ಲೈಯನ್ನು ಗೋಡೆಗೆ ಒರಗಿಸದೆ, ನೆಲದಿಂದ ಎತ್ತಿ ಮಲಗಿಸಿ, ನಡುವೆ ರೀಪು ಕೊಟ್ಟು ಒಣಗಿಸಿಡಿ. ಪತ್ತನಾಜೆಗೆ (ತುಳುನಾಡಿನಲ್ಲಿ ಮಳೆಗಾಲದ ಮುನ್ನ, ಮೇ ಕೊನೆಯ ಸುಮಾರಿಗೆ ಬರುವ ದಿನ) ಮೊದಲೇ ತಂದು ಒಣ ಕೋಣೆಯಲ್ಲಿಟ್ಟರೆ ಉತ್ತಮ. ಜುಲೈಯಲ್ಲಿ ಅಂಗಡಿಯಿಂದ ಟೆಂಪೋದಲ್ಲಿ ಬಂದ ಪ್ಲೈಗೆ ಅದೇ ದಿನ ರೆಸಿನ್ ಹಚ್ಚುವುದು ಹಣ ನೀರಿಗೆ ಹಾಕಿದ ಹಾಗೆ. ತೇವದ ಮೀಟರು ಶೇ. 12ರ ಸುತ್ತಮುತ್ತ ತೋರಿಸಬೇಕು, 15 ದಾಟಿದರೆ ಕಾಯಿರಿ.

ಹ್ಯಾಚ್ ಸಣ್ಣದಾದ್ದರಿಂದ ಇಡೀ ಹಲಗೆ ಒಳಗೆ ಹೋಗುವುದಿಲ್ಲ. ಡೆಕ್ ಕೊಯ್ಯುವುದಕ್ಕಿಂತ 18 ಮಿ.ಮೀ. ಗೋಡೆಯನ್ನು 9 ಮಿ.ಮೀ.ನ ಎರಡು ಪದರವಾಗಿ ಒಳಗೇ ಕಟ್ಟುವುದು ಜಾಣತನ. 2.4 ಮೀ. ಅಗಲ, 1.5 ಮೀ. ಎತ್ತರದ ಬಲ್ಕ್‌ಹೆಡ್ ಎಂದಿಟ್ಟುಕೊಳ್ಳಿ. 8×4 ಅಡಿಯ ಮೂರು ಹಾಳೆ ಸಾಕು. ಮೊದಲ ಪದರಕ್ಕೆ ಕೆಳಗೆ ಒಂದು ಪೂರ್ತಿ ಹಾಳೆ, 1.22 ಮೀ.; ಮೇಲೆ 28 ಸೆಂ.ಮೀ. ಪಟ್ಟಿ. ಎರಡನೇ ಪದರಕ್ಕೆ ಕೆಳಗೆ 60 ಸೆಂ.ಮೀ., ಮೇಲೆ 90 ಸೆಂ.ಮೀ. 28 ಮತ್ತು 90 ಸೇರಿ 1.18 ಮೀ., ಎರಡನೇ ಹಾಳೆಯಲ್ಲೇ ಬರುತ್ತದೆ. 60 ಮೂರನೆಯದರಿಂದ. ಎರಡು ಪದರಗಳ ಸಂದು ಒಂದಕ್ಕೊಂದು 60 ಸೆಂ.ಮೀ.ಗೂ ಹೆಚ್ಚು ದೂರ ಬೀಳುತ್ತದೆ, ಅದೇ ಬೇಕಾದ್ದು. ಹ್ಯಾಚ್ ಇನ್ನೂ ಕಿರಿದಾದರೆ ಪಟ್ಟಿಗಳನ್ನು ನಿಲ್ಲಿಸಿ ಸೇರಿಸಿ. ಸಂದುಗಳು ಕನಿಷ್ಠ 30 ಸೆಂ.ಮೀ. ದೂರವಿರಲಿ. ನಡುವೆ ಎಪಾಕ್ಸಿಗೆ (ದುಬಾರಿ, ಬಲವಾಗಿ ಹಿಡಿಯುವ ರೆಸಿನ್) ಫ್ಯೂಮ್ಡ್ ಸಿಲಿಕಾ (ದಪ್ಪ ಮಾಡುವ ನುಣ್ಣನೆ ಪುಡಿ) ಬೆರೆಸಿ ಹಲ್ಲಿನ ಕರಣೆಯಿಂದ ಹರಡಿ, 15 ಸೆಂ.ಮೀ.ಗೊಂದು ಸ್ಕ್ರೂ ಹಾಕಿ ಬಿಗಿದು, ಗಟ್ಟಿಯಾದ ಮೇಲೆ ಎಲ್ಲ ಸ್ಕ್ರೂ ಬಿಚ್ಚಿ ತೂತು ತುಂಬಿ. ಅಂಚಿನಿಂದ ಎಪಾಕ್ಸಿ ಹಿಂಡಿ ಹೊರಬರದಿದ್ದರೆ ಒಳಗೆ ಕೊರತೆ ಉಂಟು ಎಂದು ಅರ್ಥ.

ಇಲ್ಲೊಂದು ಗುಂಡಿ ಉಂಟು. ಪಾಲಿಯೆಸ್ಟರಿನ (ಫೈಬರ್ ಬೋಟಿನ ಸಾಮಾನ್ಯ ರೆಸಿನ್) ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ. ಗಟ್ಟಿಯಾದ ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯುವುದಿಲ್ಲ. ಪ್ಲೈ ಮುಖಕ್ಕೆ, ಅಂಚಿಗೆ ಎಪಾಕ್ಸಿ ಬಳಿದು, ಸುತ್ತಲಿನ ಮ್ಯಾಟನ್ನು ದಕ್ಕೆಯಲ್ಲಿ ಸಿಗುವ ಪಾಲಿಯೆಸ್ಟರಿನಲ್ಲಿ ಹೊಡೆದರೆ ಅದು ಸಿಪ್ಪೆಯಂತೆ ಏಳುತ್ತದೆ. ಹೀಗಾಗಿ ಮೊದಲೇ ತೀರ್ಮಾನಿಸಿ. ಬಜೆಟ್ ಇದ್ದರೆ ಕೊನೆಯವರೆಗೂ ಎಪಾಕ್ಸಿ. ಆಗ ಸಾಮಾನ್ಯ ಚಾಪ್ಡ್ ಸ್ಟ್ರಾಂಡ್ (ತುಂಡು ಎಳೆಯ) ಮ್ಯಾಟ್ ಬೇಡ, ಅದರ ಅಂಟು ಸ್ಟೈರೀನಿಗೆ ಮಾತ್ರ ಕರಗುವಂಥದ್ದು, ಎಪಾಕ್ಸಿಯಲ್ಲಿ ಮೂಲೆಗೆ ಬಾಗುವುದಿಲ್ಲ. ಹೊಲಿದ ಬೈಯಾಕ್ಸಿಯಲ್ (ಎರಡು ದಿಕ್ಕಿಗೆ ಎಳೆಯಿರುವ) ಗಾಜಿನ ಬಟ್ಟೆ ಬೇಕು. ಬಜೆಟ್ ಇಲ್ಲದಿದ್ದರೆ ಪದರಗಳ ನಡುವಿನ ಅಂಟು ಮಾತ್ರ ಎಪಾಕ್ಸಿ, ಹಿಂಡಿ ಬಂದದ್ದನ್ನು ಹಸಿಯಿರುವಾಗಲೇ ಒರೆಸಿ, ಉಳಿದದ್ದನ್ನು ಗಟ್ಟಿಯಾದ ಮೇಲೆ ಮರದ ಮುಖ ಕಾಣುವವರೆಗೆ ಉಜ್ಜಿ, ಅಲ್ಲಿಂದ ಮುಂದೆ ಎಲ್ಲವೂ ಐಸೋಫ್ತಾಲಿಕ್ ಪಾಲಿಯೆಸ್ಟರ್ ಅಥವಾ ವಿನೈಲ್ ಎಸ್ಟರ್. ಇಂಜಿನ್ ರೂಮ್ ಬಲ್ಕ್‌ಹೆಡ್ಡಿಗೆ ವಿನೈಲ್ ಎಸ್ಟರಿನ ಹೆಚ್ಚುವರಿ ಹಣ ದಂಡವಲ್ಲ.

ಅಂಚು

ಇಡೀ ಕೆಲಸದ ಜೀವ ಇಲ್ಲಿದೆ. ಕತ್ತರಿಸಿದ ಅಂಚು, ಕೊರೆದ ಪ್ರತಿ ತೂತು, ಇವಕ್ಕೆ ರೆಸಿನ್ ಹಚ್ಚಿ, ಹೀರಿಕೊಂಡ ಮೇಲೆ ಮತ್ತೆ ಹಚ್ಚಿ. ಹೀರುವುದು ನಿಲ್ಲುವವರೆಗೆ, ಸಾಧಾರಣ ಮೂರು ಸಲ. ಮುಖ ಹೊಳೆಯುವಂತೆ ಮಾಡಲು ಸಮಯ ಕೊಡುವವರು ಈ ಅರ್ಧ ಗಂಟೆಯ ಕೆಲಸಕ್ಕೆ ಜಿಪುಣತನ ಮಾಡುವುದೇ ಹೆಚ್ಚು.

ಇನ್ನು ಆ 8 ಮಿ.ಮೀ. ಸಂದು. ಪ್ಲೈಯ ಅಂಚು ಬೋಟಿನ ಮೈಗೆ ನೇರ ತಾಗಿದರೆ ಅಲ್ಲಿ ಚೂಪಾದ ಒತ್ತಡದ ಗೆರೆ ಹುಟ್ಟುತ್ತದೆ. ಅಲೆ ಬಡಿದಾಗ ಮೈ ಆ ಗೆರೆಯ ಎರಡೂ ಬದಿಗೆ ಬಾಗುತ್ತದೆ, ಗೆರೆಯ ಮೇಲೆ ಬಾಗಲಾರದು; ಕೆಲವು ಕಾಲಕ್ಕೆ ಹೊರಗಡೆ ಜೆಲ್‌ಕೋಟಿನಲ್ಲಿ ಬಲ್ಕ್‌ಹೆಡ್ಡಿನ ನೇರಕ್ಕೇ ಸೀಳು ಕಾಣುತ್ತದೆ. ಹಾಗಾಗಿ ಸಂದಿಗೆ ಪಿವಿಸಿ ಫೋಮಿನ ಪಟ್ಟಿ ಕೂರಿಸಿ; ಪ್ಲೈ ಕಡೆ 18 ಮಿ.ಮೀ., ಮೈ ಕಡೆ 30 ಮಿ.ಮೀ. ಅಗಲ ಬರುವಂತೆ ಇಳಿಜಾರು ಕೆತ್ತಿದರೆ ಮೂಲೆಯೂ ತಾನಾಗಿ ಮೃದುವಾಗುತ್ತದೆ. ಥರ್ಮೋಕೋಲ್ ಬೇಡ, ಸ್ಟೈರೀನ್ ತಾಗಿದ ಕೂಡಲೇ ಕರಗುತ್ತದೆ. ಗೋಡೆ ನೇರ ನಿಂತ ಮೇಲೆ ನಾಲ್ಕಾರು ಕಡೆ ಸಣ್ಣ ಮ್ಯಾಟ್ ತುಂಡುಗಳಿಂದ ತಾತ್ಕಾಲಿಕವಾಗಿ ಹಿಡಿಸಿ, ಓರೆ ಅಳತೆ ಇನ್ನೊಮ್ಮೆ ನೋಡಿ.

ಮೂಲೆಗೆ ಪುಟ್ಟಿಯ ಉರುಟು. 20 ಮಿ.ಮೀ. ತ್ರಿಜ್ಯದ ಉರುಟಿಗೆ ಮೀಟರಿಗೆ ಸುಮಾರು 86 ಮಿ.ಲೀ. ಪುಟ್ಟಿ. ಚೌಕ ಮೂಲೆಯಲ್ಲಿ ಗಾಜು ಬಾಗದು, ಹಿಂದೆ ಗಾಳಿ ನಿಲ್ಲುತ್ತದೆ, ಆ ಗಾಳಿಯ ಜಾಗದಲ್ಲೇ ಮುಂದೆ ನೀರು ನಿಲ್ಲುತ್ತದೆ. ಪುಟ್ಟಿ ಜೆಲ್ ಆಗಿ ಪೂರ್ತಿ ಗಟ್ಟಿಯಾಗುವ ಮೊದಲೇ ಮೊದಲ ಪದರ ಹಾಕಿದರೆ ಬಂಧ ಚೆನ್ನ.

ಪದರಗಳು ಒಂದು ಬದಿಗೆ ಹೀಗೆ: 450 ಗ್ರಾಂ (ಚದರ ಮೀಟರಿಗೆ) ಮ್ಯಾಟ್ 100 ಮಿ.ಮೀ. ಅಗಲ, 610 ಗ್ರಾಂ ರೋವಿಂಗ್ (ನೇಯ್ದ ಗಾಜಿನ ಬಟ್ಟೆ) 150, ಮತ್ತೆ 450 ಮ್ಯಾಟ್ 200. ಅರ್ಧ ಮೈಗೆ, ಅರ್ಧ ಪ್ಲೈಗೆ. ಇದು ಕನಿಷ್ಠ, ಹಳೆ ಪಟ್ಟಿ ಇದಕ್ಕಿಂತ ದಪ್ಪವಿದ್ದರೆ ರೋವಿಂಗ್, ಮ್ಯಾಟ್ ಜೋಡಿ ಇನ್ನೊಂದು ಸೇರಿಸಿ, ಅಗಲವನ್ನೂ ಹೆಚ್ಚಿಸಿ. ಸವೆಸಿದ ಮೈಗೆ ತಾಗುವ ಮೊದಲ ಪದರ ಯಾವತ್ತೂ ಮ್ಯಾಟೇ, ರೋವಿಂಗ್ ನೇರ ಹಾಕಿದರೆ ಅದರ ಉಬ್ಬುತಗ್ಗಿನ ಕೆಳಗೆ ರೆಸಿನ್ ಮಾತ್ರ ಉಳಿಯುತ್ತದೆ. ಸಣ್ಣದು ಮೊದಲೋ ದೊಡ್ಡದು ಮೊದಲೋ ಎಂಬ ವಾದ ಮೇಸ್ತ್ರಿಗಳಲ್ಲಿ ಮುಗಿಯುವಂಥದ್ದಲ್ಲ. ದೊಡ್ಡದು ಮೊದಲಾದರೆ ಮೇಲೆ ಉಜ್ಜುವಾಗ ಕೆಳಗಿನ ಪದರ ಕತ್ತರಿಸಿಹೋಗುವುದಿಲ್ಲ. ಸಣ್ಣದು ಮೊದಲಾದರೆ ಕೊನೆಯ ದೊಡ್ಡ ಪದರ ಎಲ್ಲ ಅಂಚನ್ನೂ ಮುಚ್ಚುತ್ತದೆ. ನೀರು ನಿಲ್ಲುವ ಹೋಲ್ಡಿನ ಬದಿಗೆ ನಮ್ಮ ಮತ ಎರಡನೆಯದಕ್ಕೆ.

ಪಾಲಿಯೆಸ್ಟರಿಗೂ ಮರಕ್ಕೂ ಇರುವ ಸ್ನೇಹ ಅಷ್ಟಕ್ಕಷ್ಟೆ. ಆದ್ದರಿಂದ ಪಟ್ಟಿ ಕೂರುವ ಜಾಗದಲ್ಲಿ ಪ್ಲೈಗೆ 20 ಸೆಂ.ಮೀ.ಗೊಂದರಂತೆ 25 ಮಿ.ಮೀ. ತೂತು ಕೊರೆದು, ಒಳಮೈಗೆ ರೆಸಿನ್ ಕುಡಿಸಿ, ಗಾಜಿನ ಎಳೆ ಬೆರೆತ ಪುಟ್ಟಿ ತುಂಬಿದರೆ ಎರಡು ಬದಿಯ ಮ್ಯಾಟ್‌ಗಳು ಒಂದಕ್ಕೊಂದು ರಿವೆಟ್ ಹೊಡೆದಂತೆ ಹಿಡಿದುಕೊಳ್ಳುತ್ತವೆ.

ಲೆಕ್ಕ: ಮೇಲಿನ ಬಲ್ಕ್‌ಹೆಡ್ಡಿನ ಸುತ್ತಳತೆ ಸುಮಾರು 7.5 ಮೀ., ಎರಡು ಬದಿಗೆ 15 ಮೀ. ಮೀಟರಿಗೆ ಮ್ಯಾಟ್ 135 ಗ್ರಾಂ, ರೋವಿಂಗ್ 92 ಗ್ರಾಂ. ಮ್ಯಾಟಿಗೆ ಅದರ ತೂಕದ ಎರಡೂಕಾಲು ಪಟ್ಟು, ರೋವಿಂಗಿಗೆ ಸಮತೂಕ ರೆಸಿನ್ ಎಂದರೆ ಮೀಟರಿಗೆ 400 ಗ್ರಾಂ, ಒಟ್ಟು 6 ಕೆ.ಜಿ. ಮೂಲೆಗಳು ಉರುಟಾದ್ದರಿಂದ ಮುಖ ತಲಾ 3 ಚ.ಮೀ.; ಎರಡೂ ಮುಖಕ್ಕೆ ಒಂದು ಪದರ 450 ಮ್ಯಾಟ್ ಹೊದಿಸಲು 2.7 ಕೆ.ಜಿ. ಮ್ಯಾಟ್, 6 ಕೆ.ಜಿ. ಚಿಲ್ಲರೆ ರೆಸಿನ್. ಪುಟ್ಟಿ, ಅಂಚಿನ ಸೀಲು ಸೇರಿ ಎರಡೂವರೆ. ಹಾಳಾಗುವುದಕ್ಕೆ ಶೇ. 15 ಸೇರಿಸಿ 17 ಕೆ.ಜಿ. ರೆಸಿನ್, 5.5 ಕೆ.ಜಿ. ಮ್ಯಾಟ್, 1.6 ಕೆ.ಜಿ. ರೋವಿಂಗ್ ಇಟ್ಟುಕೊಳ್ಳಿ. ಕೊನೆಯ ಮೇಣ ಬೆರೆತ ಕೋಟಿಗೆ ಇನ್ನು 3 ಕೆ.ಜಿ. ಮೇಣ ಇಲ್ಲದ ರೆಸಿನ್ ಗಾಳಿಗೆ ತೆರೆದ ಮೇಲ್ಮೈಯಲ್ಲಿ ಅಂಟಂಟಾಗಿಯೇ ಉಳಿಯುವುದು ದೋಷವಲ್ಲ, ಮುಂದಿನ ಪದರಕ್ಕೆ ಅದೇ ಅನುಕೂಲ. ಮೇಣ ಬೆರೆತದ್ದನ್ನು ಮಾತ್ರ ನಡುವಿನ ಪದರಕ್ಕೆ ಬಳಸಬೇಡಿ.

ಬೆರೆಸುವಾಗ ಕೋಬಾಲ್ಟ್ (ವೇಗ ಹೆಚ್ಚಿಸುವ ದ್ರವ) ಮೊದಲು ರೆಸಿನ್ನಿಗೆ ಹಾಕಿ ಪೂರ್ತಿ ಕಲಸಿ, ಆಮೇಲೆ ರೆಸಿನ್ ಗಟ್ಟಿಯಾಗಿಸುವ ಎಂಇಕೆಪಿ ಕ್ಯಾಟಲಿಸ್ಟ್. ಇವೆರಡು ನೇರ ಸೇರಿದರೆ ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಒಂದೇ ಅಳತೆ ಲೋಟವನ್ನು ಎರಡಕ್ಕೂ ಬಳಸುವುದು ಬೇಡವೇ ಬೇಡ. ಕ್ಯಾಟಲಿಸ್ಟ್ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು, ಕನ್ನಡಕ ಇಲ್ಲದೆ ಬಾಟಲಿ ತೆರೆಯಬೇಡಿ. ಕ್ಯಾಟಲಿಸ್ಟಿನ ಪ್ರಮಾಣ ಶೇ. 1ರಿಂದ 2. ಸೆಖೆಗೆ ರೆಸಿನ್ ಬೇಗ ಗಟ್ಟಿಯಾಗುತ್ತದೆ ಎಂದು ಅರ್ಧಕ್ಕಿಳಿಸಿದರೆ ಅದು ಹೊರಗೆ ಗಟ್ಟಿಯಾದಂತೆ ಕಂಡು ಒಳಗೆ ಎಂದಿಗೂ ಪೂರ್ತಿ ಗಟ್ಟಿಯಾಗುವುದಿಲ್ಲ. ಬದಲಿಗೆ ಒಮ್ಮೆಗೆ 1 ಕೆ.ಜಿ.ಗಿಂತ ಹೆಚ್ಚು ಕಲಸಬೇಡಿ.

ತೇವದ ಲೆಕ್ಕ

27 ಡಿಗ್ರಿ, ಶೇ. 90 ತೇವ ಇರುವ ಜುಲೈಯ ದಿನದಲ್ಲಿ ಇಬ್ಬನಿ ಬಿಂದು (ಗಾಳಿಯ ತೇವ ನೀರಾಗತೊಡಗುವ ಉಷ್ಣತೆ) ಸುಮಾರು 25 ಡಿಗ್ರಿ. ಅಂದರೆ ಬೋಟಿನ ಮೈ ಗಾಳಿಗಿಂತ ಎರಡೇ ಡಿಗ್ರಿ ತಣ್ಣಗಿದ್ದರೂ ಕಣ್ಣಿಗೆ ಕಾಣದ ನೀರಿನ ಪೊರೆ ಅದರ ಮೇಲೆ ಕೂತಿರುತ್ತದೆ. ನಿಯಮ ಇಷ್ಟು: ಹಚ್ಚುವ ಮೇಲ್ಮೈ ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಬಿಸಿ ಇರಬೇಕು. ಬೋಟಿನ ಮೇಲೆ ಟರ್ಪಾಲಿನ ಚಪ್ಪರ ಹಾಕಿ, ಒಳಗೆ ಹಿಂದಿನ ರಾತ್ರಿಯಿಂದ 500 ವಾಟಿನ ಎರಡು ಹ್ಯಾಲೋಜನ್ ಲೈಟ್ ಉರಿಸಿ ಮೈಯನ್ನು 31-32 ಡಿಗ್ರಿಗೆ ತಂದರೆ ಅಂತರ ಆರೇಳು ಡಿಗ್ರಿಯಾಗುತ್ತದೆ. ಲೈಟುಗಳನ್ನು ರೆಸಿನ್ ಡಬ್ಬ ತೆರೆಯುವ ಮೊದಲೇ ತೆಗೆದು ಹೊರಗಿಡಿ. ಗ್ಯಾಸ್ ಒಲೆ, ಇದ್ದಿಲು ಇಟ್ಟು ಬಿಸಿ ಮಾಡುವುದು ಎರಡು ಬಗೆಯ ತಪ್ಪು: ಉರಿಯುವಾಗ ಗ್ಯಾಸು ನೀರಾವಿಯನ್ನೇ ಬಿಡುತ್ತದೆ, ಮತ್ತೆ ಸ್ಟೈರೀನಿಗೆ ಬೆಂಕಿ. ಮ್ಯಾಟ್ ಸುರುಳಿಯನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಣಗಿರುವಲ್ಲಿ ಇಡಬೇಕು. ತೇವ ಹಿಡಿದ ಮ್ಯಾಟ್ ಎಷ್ಟು ರೋಲರ್ ಹೊಡೆದರೂ ಬೆಳ್ಳಗೆ ಹಾಲಿನಂತೆ ಉಳಿಯುತ್ತದೆ. ಎಪಾಕ್ಸಿಯಾದರೆ ತೇವಕ್ಕೆ ಮೇಲೆ ಜಿಡ್ಡಿನಂಥ ಪೊರೆ ಬರುತ್ತದೆ. ಅದು ನೀರಿನಲ್ಲಿ ಕರಗುವಂಥದ್ದು, ನೀರು ಮತ್ತು ಒರಟು ಸ್ಕ್ರಬ್ಬರಿನಿಂದ ತೊಳೆದು ಒಣಗಿಸಿಯೇ ಮುಂದಿನ ಪದರ; ಅಸಿಟೋನ್ ಅದನ್ನು ಹರಡುತ್ತದೆ ಅಷ್ಟೆ.

ಸಾಧ್ಯವಿದ್ದವರು ಅಳತೆ, ಅಚ್ಚು, ಪ್ಲೈ ಕತ್ತರಿಸಿ ಅಂಚು ಸೀಲ್ ಮಾಡುವ ಕೆಲಸವನ್ನು ಮೇ ತಿಂಗಳಲ್ಲೇ ಮುಗಿಸಿಕೊಳ್ಳಲಿ. ಜೂನ್ ಕೀಳುವುದಕ್ಕೆ, ಒಣಗಿಸುವುದಕ್ಕೆ. ಮ್ಯಾಟ್ ಹೊಡೆಯುವುದನ್ನು ಜುಲೈಯಲ್ಲಿ ಮಳೆ ಬಿಟ್ಟ ದಿನ ನೋಡಿ ಮಾಡಿ. ಒಂದು ಪದರದ ಮೇಲೆ ಇನ್ನೊಂದನ್ನು 24 ಗಂಟೆಯೊಳಗೆ ಹಾಕಬೇಕು, ತಡವಾದರೆ ಮತ್ತೆ ಉಜ್ಜಲೇಬೇಕು.

ಹೋಲ್ಡಿನ ಪಿಯುಎಫ್ ಒದ್ದೆಯಾಗಿದ್ದರೆ ಒಣಗೀತು ಎಂದು ಕಾಯಬೇಡಿ. ಒಣಗಿದ ಫೋಮ್ ಸಿಗುವವರೆಗೆ ಕತ್ತರಿಸಿ ತೆಗೆದು, ಗೋಡೆಯ ಮ್ಯಾಟ್ ಪೂರ್ತಿ ಗಟ್ಟಿಯಾದ ಮೇಲೆ ಹೊಸದು ತುಂಬಿ. ತಳದ ನೀರಿನ ಕಿಂಡಿಗೆ 25 ಮಿ.ಮೀ. ಫೈಬರ್ ಕೊಳವೆ ಕೂರಿಸಿ ಎರಡೂ ತುದಿಗೆ ಮ್ಯಾಟ್ ಹೊಡೆಯಿರಿ; ಬರೀ ತೂತು ಬಿಟ್ಟರೆ ಕೊಳೆತ ಮತ್ತೆ ಅಲ್ಲಿಂದಲೇ. ಮೂತಿಯ ಬಲ್ಕ್‌ಹೆಡ್ಡಿಗೆ ಕಿಂಡಿಯೇ ಬೇಡ.

ಹಾಯಿದೋಣಿಯಾದರೆ

ಇಲ್ಲಿ ಬಲ್ಕ್‌ಹೆಡ್ಡಿನ ಮೇಲೆ ಎರಡು ವಿರುದ್ಧ ಬಲಗಳಿವೆ. ಡೆಕ್ಕಿನ ಮೇಲೆ ನಿಂತ ಮಾಸ್ಟ್ ಕೆಳಕ್ಕೆ ಒತ್ತುತ್ತದೆ, ಅದನ್ನು ಹಿಡಿದ ತಂತಿಗಳು ಚೈನ್‌ಪ್ಲೇಟಿನ ಮೂಲಕ ಗೋಡೆಯ ಎರಡು ಬದಿಗಳನ್ನು ಮೇಲಕ್ಕೆ ಎಳೆಯುತ್ತವೆ. ಹಾಗಾಗಿ ಮಾಸ್ಟ್ ಇಳಿಸದೆ ಮುಖ್ಯ ಬಲ್ಕ್‌ಹೆಡ್ ಮುಟ್ಟುವಂತಿಲ್ಲ. ಇಳಿಸಿದ ಮೇಲೂ ಮಾಸ್ಟ್ ನಿಲ್ಲುವ ಜಾಗದ ಕೆಳಗೆ ಕೀಲಿನಿಂದ ಕಂಬ ಕೊಟ್ಟು, ಡೆಕ್ ಮೊದಲೇ ತಗ್ಗಿದ್ದರೆ ಜಾಕಿಯಿಂದ ದಿನಕ್ಕೆ ಒಂದೆರಡು ಮಿ.ಮೀ.ನಂತೆ ಮೇಲೆ ತನ್ನಿ. ಒಮ್ಮೆಲೇ ಎತ್ತಿದರೆ ಡೆಕ್ಕಿನ ಒಳಪದರ ಸೀಳುತ್ತದೆ.

ಚೈನ್‌ಪ್ಲೇಟಿನ 10 ಮಿ.ಮೀ. ಬೋಲ್ಟಿಗೆ ಪ್ಲೈಯಲ್ಲಿ 16 ಮಿ.ಮೀ. ಕೊರೆದು, ಗಟ್ಟಿ ಎಪಾಕ್ಸಿ ತುಂಬಿ, ಅದರ ನಡುವೆ ಮತ್ತೆ 10 ಕೊರೆಯಿರಿ. ನೀರು ಇಳಿದರೂ ಮರಕ್ಕೆ ತಾಗದು. ಇಲ್ಲಿನ ಮ್ಯಾಟನ್ನು ಪಾಲಿಯೆಸ್ಟರಿನಲ್ಲಿ ಹೊಡೆಯುವವರು ಈ ತುಂಬುವ ಕೆಲಸವನ್ನು ಮ್ಯಾಟ್ ಮುಗಿದ ಮೇಲೆ ಇಟ್ಟುಕೊಳ್ಳಿ. ಹಳೆಯ ಸ್ಟೇನ್‌ಲೆಸ್ ಬೋಲ್ಟನ್ನು ಮೇಲಿನ ಹೊಳಪು ನೋಡಿ ಮತ್ತೆ ಹಾಕಬೇಡಿ. ಒದ್ದೆ ಮರದೊಳಗೆ ಗಾಳಿ ಸಿಗದೆ ಬೋಲ್ಟಿನ ಕಾಂಡದ ನಡುವೆ ಗುಳಿ ಬಿದ್ದಿರುತ್ತದೆ, 316 ಗ್ರೇಡ್ ಆದರೂ ಅಷ್ಟೆ. ಡೆಕ್ಕಿನಲ್ಲಿ ಚೈನ್‌ಪ್ಲೇಟ್ ಹೊರಬರುವ ಸೀಳಿಗೆ ಬ್ಯೂಟೈಲ್ ಟೇಪ್ ಅಥವಾ ಪಾಲಿಸಲ್ಫೈಡ್ ಬಳಸಿ. ಸಿಲಿಕೋನ್ ಹಚ್ಚಿದ ಜಾಗದಲ್ಲಿ ಮುಂದೆ ಬೇರೆ ಯಾವುದೂ ಹಿಡಿಯುವುದಿಲ್ಲ. ಚೈನ್‌ಪ್ಲೇಟ್ ಇರುವ ಬಲ್ಕ್‌ಹೆಡ್ಡಿನ ಸುತ್ತ ಪದರಗಳ ಸಂಖ್ಯೆಯನ್ನು ಮೇಲೆ ಹೇಳಿದ್ದರ ಎರಡು ಪಟ್ಟು ಮಾಡಿ, ಡೆಕ್ಕಿನ ಕೆಳಬದಿಯನ್ನು ಮರೆಯಬೇಡಿ. ತಲೆಯ ಮೇಲೆ ಕೈ ಎತ್ತಿ ಮಾಡಬೇಕಾದ ಕೆಲಸವಾದ್ದರಿಂದ ಎಲ್ಲರೂ ಅಲ್ಲೇ ಕೈ ಬಿಡುವುದು.

ಇಂಜಿನ್ ಇರುವ ಬೋಟಿನವರು ಕಂಬ, ಅಡ್ಡಪಟ್ಟಿ ತೆಗೆದ ದಿನವೇ ಶಾಫ್ಟ್ ಕಪ್ಲಿಂಗ್ (ಇಂಜಿನ್ನನ್ನು ಶಾಫ್ಟಿಗೆ ಸೇರಿಸುವ ಜೋಡಣೆ) ಬಿಗಿಯಬೇಡಿ. ದಡದಲ್ಲಿ ನಿಂತ ಬೋಟಿನ ಆಕಾರ ಬೇರೆ, ತೇಲುವ ಬೋಟಿನದು ಬೇರೆ. ನೀರಿಗಿಳಿಸಿ, ಡೀಸೆಲ್ ತುಂಬಿ, ಎರಡು ದಿನ ಬಿಟ್ಟು ಕಪ್ಲಿಂಗಿನ ಎರಡು ಮುಖಗಳ ನಡುವೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ಹಾಕಿ ನಾಲ್ಕು ಕಡೆ ನೋಡಿ. 100 ಮಿ.ಮೀ. ವ್ಯಾಸದ ಕಪ್ಲಿಂಗಿಗೆ 0.1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಇಂಜಿನ್ ಫೂಟಿನ ಶಿಮ್ (ಅಡಿಗೆ ಕೊಡುವ ತೆಳು ತಗಡು) ಬದಲಿಸಿ ಸರಿಮಾಡಿ, ಆಮೇಲೆ ಬೋಲ್ಟ್ ಬಿಗಿಯಿರಿ.